ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೀಬಾದ ಒಡಲಲ್ಲಿ ಹಸಿರು ಶೈವಲ

ಪ್ರಶ್ನೆ: ನಾನು ಪದವಿ ತರಗತಿಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಕ್ಲೋರರಾಕ್ನಿಯನ್ ಎಂಬ ಸಮುದ್ರಜೀವಿಯನ್ನು ಒಂದು ಹಳೆಯ ಪುಸ್ತಕ ಹಳದಿ-ಹಸಿರು ಶೈವಲಗಳ ಜೊತೆ ಸೇರಿಸಿದೆ. ಇನ್ನೊಂದು ಪುಸ್ತಕ ಅದಕ್ಕೆ ಪ್ರತ್ಯೇಕ ವಿಭಾಗವನ್ನೇ ಕೊಟ್ಟಿದೆ. ಮೂರನೆಯದು ಅದನ್ನು ಸರ್ಕೋಜೋವ ಎಂಬ ಆದಿಜೀವಿಗಳ ಗುಂಪಿನಲ್ಲಿ ಇಟ್ಟಿದೆ. ಇವುಗಳಲ್ಲಿ ಯಾವುದನ್ನು ಒಪ್ಪಬೇಕು?

ಉತ್ತರ: ಮೂರೂ ಪುಸ್ತಕಗಳು ತಮ್ಮ ತಮ್ಮ ಕಾಲದ ತಿಳಿವಳಿಕೆಯನ್ನು ಪ್ರಾಮಾಣಿಕವಾಗಿಯೇ ಬರೆದಿವೆ, ಆದರೆ ಮೂರಕ್ಕೂ ಇಂದು ಸಮಾನ ಬೆಲೆಯಿಲ್ಲ. ನೀವು ಒಪ್ಪಬೇಕಾದದ್ದು ಮೂರನೆಯ ಪುಸ್ತಕವನ್ನು. ಎರಡನೆಯದರಲ್ಲಿರುವ ಹೆಸರು ಇನ್ನೂ ಬಳಕೆಯಲ್ಲಿದೆ. ಮೊದಲನೆಯದನ್ನು ಇತಿಹಾಸವೆಂದು ಓದಿಕೊಳ್ಳಬಹುದು.

ಕ್ಲೋರರಾಕ್ನಿಯನ್ ರೆಪ್ಟಾನ್ಸ್ ಎಂಬ ಪ್ರಭೇದವನ್ನು ಮೊದಲು ವಿವರಿಸಿದವರು ಆಸ್ಟ್ರಿಯದ ಸಸ್ಯವಿಜ್ಞಾನಿ ಲೋಥಾರ್ ಗೈಟ್ಲರ್. 1930ರಲ್ಲಿ ಅವರು ಕ್ಯಾನರಿ ದ್ವೀಪಗಳಿಂದ ಬಂದ ಮಾದರಿಯಲ್ಲಿ ಕಂಡದ್ದು ಹಸಿರು ಬಣ್ಣದ ಅಮೀಬಾಗಳ ಒಂದು ಜಾಲ. ಪ್ರತಿಯೊಂದು ಕೋಶವೂ ದಾರದಷ್ಟು ತೆಳುವಾದ ಮಿಥ್ಯಾಪಾದಗಳನ್ನು ಸುತ್ತಲೂ ಚಾಚಿ, ಪಕ್ಕದ ಕೋಶಗಳ ಮಿಥ್ಯಾಪಾದಗಳೊಡನೆ ಬೆಸೆದುಕೊಂಡಿತ್ತು. ಈ ಎಳೆಗಳಿಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಗಳನ್ನೂ ಸಣ್ಣ ಶೈವಲಗಳನ್ನೂ ಕೋಶಗಳು ಒಳಗೆಳೆದುಕೊಂಡು ಜೀರ್ಣಿಸಿಕೊಳ್ಳುತ್ತವೆ. ದ್ಯುತಿಸಂಶ್ಲೇಷಣೆಯಿಂದ ಆಹಾರ ತಯಾರಿಸುತ್ತಲೇ ಬೇಟೆಯನ್ನೂ ಆಡುವ ಇಂಥ ಜೀವಿಯನ್ನು ಎಲ್ಲಿ ಇಡಬೇಕೆಂಬುದು ಆಗಲೇ ಕಷ್ಟದ ಪ್ರಶ್ನೆಯಾಗಿತ್ತು. ಕೋಶದಲ್ಲಿ ಪಿಷ್ಟ ಸಂಗ್ರಹವಾಗುವುದಿಲ್ಲ, ಹಳದಿ-ಹಸಿರು ಶೈವಲಗಳಲ್ಲಿಯೂ ಪಿಷ್ಟವಿಲ್ಲ. ಆ ಗುಂಪಿನಲ್ಲಿ ಅಮೀಬಾ ರೂಪದ ಸದಸ್ಯರೂ ಇದ್ದಾರೆ. ಬೆಳಕಿನ ಸೂಕ್ಷ್ಮದರ್ಶಕವೊಂದನ್ನೇ ನೆಚ್ಚಿಕೊಳ್ಳಬೇಕಾಗಿದ್ದ ಕಾಲದಲ್ಲಿ ಅದನ್ನು ಅಲ್ಲಿ ಸೇರಿಸಿದ್ದು ಸಹಜವಾದ ತೀರ್ಮಾನವೇ ಆಗಿತ್ತು.

ಆ ತೀರ್ಮಾನ ಬದಲಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1984ರಲ್ಲಿ ಹಿಬ್ಬರ್ಡ್ ಮತ್ತು ನಾರಿಸ್ ಎಂಬ ವಿಜ್ಞಾನಿಗಳು ಈ ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಅದರ ವರ್ಣದ್ರವ್ಯಗಳನ್ನೂ ವಿಶ್ಲೇಷಿಸಿದರು. ಕೋಶದಲ್ಲಿ ಪತ್ರಹರಿತ್ತು ಎ ಜೊತೆಗೆ ಪತ್ರಹರಿತ್ತು ಬಿ ಇತ್ತು. ಹಳದಿ-ಹಸಿರು ಶೈವಲಗಳಲ್ಲಿ ಬಿ ಇರುವುದಿಲ್ಲ. ಅದು ಹಸಿರು ಶೈವಲಗಳ, ನೆಲದ ಸಸ್ಯಗಳ ಮತ್ತು ಯೂಗ್ಲಿನಾ ಎಂಬ ಏಕಕೋಶ ಜೀವಿಗಳ ಗುರುತು. ಹಳದಿ-ಹಸಿರು ಶೈವಲಗಳ ಈಜುವ ಬೀಜಕಗಳಿಗೆ ಅಸಮಾನ ಉದ್ದದ ಎರಡು ಕಶಾಂಗಗಳು (ಚಾವಟಿಯಂಥ ಈಜುವ ಅಂಗಗಳು) ಇದ್ದರೆ, ಇದರ ಈಜುವ ಬೀಜಕಕ್ಕೆ ಇದ್ದದ್ದು ಒಂದೇ ಕಶಾಂಗ. ಹಾಗೆಂದು ಇದು ಹಸಿರು ಶೈವಲವೂ ಆಗಿರಲಿಲ್ಲ, ಏಕೆಂದರೆ ಹಸಿರು ಶೈವಲಗಳ ಕ್ಲೋರೋಪ್ಲಾಸ್ಟಿಗೆ ಎರಡೇ ಪೊರೆಗಳಿರುತ್ತವೆ, ಇದರ ಕ್ಲೋರೋಪ್ಲಾಸ್ಟಿನ ಸುತ್ತ ನಾಲ್ಕು ಪೊರೆಗಳಿದ್ದವು. ತಿಳಿದಿದ್ದ ಯಾವ ಗುಂಪಿಗೂ ಹೊಂದದ ಈ ಜೀವಿಗಾಗಿ ಅವರಿಬ್ಬರೂ ಕ್ಲೋರರಾಕ್ನಿಯೋಫೈಟ ಎಂಬ ಹೊಸ ವಿಭಾಗವನ್ನೂ ಕ್ಲೋರರಾಕ್ನಿಯೋಫೈಸಿಯೆ ಎಂಬ ವರ್ಗವನ್ನೂ ರಚಿಸಿದರು. ನಿಮ್ಮ ಎರಡನೆಯ ಪುಸ್ತಕ ಹೇಳುತ್ತಿರುವುದು ಇದನ್ನೇ.

ಮೂರನೆಯ ಹಂತ ಡಿಎನ್‌ಎಯಿಂದ ಬಂತು. ಕೋಶಕೇಂದ್ರದಲ್ಲಿರುವ ರೈಬೋಸೋಮ್ ಆರ್‌ಎನ್‌ಎ ವಂಶವಾಹಿಯನ್ನು ಇತರ ಜೀವಿಗಳದರೊಡನೆ ಹೋಲಿಸಿ ನೋಡಿದಾಗ, 1990ರ ದಶಕದ ನಡುವಿನ ಹೊತ್ತಿಗೆ, ಕ್ಲೋರರಾಕ್ನಿಯೋಫೈಟ್‌ಗಳು ಯಾವ ಶೈವಲಕ್ಕೂ ಹತ್ತಿರವಿಲ್ಲವೆಂದೂ, ದಾರದಂಥ ಮಿಥ್ಯಾಪಾದಗಳುಳ್ಳ ಕವಚಧಾರಿ ಅಮೀಬಾಗಳ ಸಂಬಂಧಿಗಳೆಂದೂ ಕಂಡುಬಂತು. ಥಾಮಸ್ ಕ್ಯಾವಲಿಯರ್-ಸ್ಮಿತ್ 1998ರಲ್ಲಿ ಸರ್ಕೋಜೋವವನ್ನು, 2002ರಲ್ಲಿ ಅದಕ್ಕಿಂತ ವಿಶಾಲವಾದ ರೈಜೇರಿಯವನ್ನು ಹೆಸರಿಸಿದರು. ಫೊರಾಮಿನಿಫೆರ ಮತ್ತು ರೇಡಿಯೊಲೇರಿಯಗಳಂಥ ಪ್ರಸಿದ್ಧ ಸಮುದ್ರಜೀವಿಗಳು ಈ ರೈಜೇರಿಯದಲ್ಲಿಯೇ ಇವೆ. ಕ್ಲೋರರಾಕ್ನಿಯೋಫೈಟ್‌ಗಳಿಗೆ ಬಹಳ ಹತ್ತಿರದ ಬಂಧುಗಳೆಂದು ಈಚೆಗೆ ಗುರುತಾದ ಮೈನೊರೈಸ ಮತ್ತು ರ್‍ಯಾಬ್ಡಮೀಬಾ ಎಂಬ ಜೀವಿಗಳಲ್ಲಂತೂ ಕ್ಲೋರೋಪ್ಲಾಸ್ಟೇ ಇಲ್ಲ.

ಇಷ್ಟಾದರೂ ಕ್ಲೋರರಾಕ್ನಿಯೋಫೈಟ ಎಂಬ ಸಸ್ಯಶಾಸ್ತ್ರೀಯ ಹೆಸರು ಉಳಿದುಕೊಂಡಿದೆ, ಏಕೆಂದರೆ ಶೈವಲ, ಶಿಲೀಂಧ್ರ ಮತ್ತು ಸಸ್ಯಗಳ ಹೆಸರಿಗೆ ಒಂದು ಅಂತರರಾಷ್ಟ್ರೀಯ ನಿಯಮಾವಳಿ ಇದ್ದರೆ, ಪ್ರಾಣಿಗಳ ಹೆಸರಿಗೆ ಇನ್ನೊಂದಿದೆ. ಪ್ರೋಟೊಜೋವಗಳನ್ನು, ಅಂದರೆ ಆದಿಜೀವಿಗಳನ್ನು, ಹಿಂದಿನಿಂದಲೂ ಎರಡನೆಯದರ ಪ್ರಕಾರ ಹೆಸರಿಸಲಾಗುತ್ತಿದೆ. ಅದರಿಂದಾಗಿ ಇದೇ ಗುಂಪನ್ನು ಪ್ರೋಟೊಜೋವ ತಜ್ಞರು ಕ್ಲೋರರಾಕ್ನಿಯ ಎಂದೂ ಕರೆಯುತ್ತಾರೆ. ಹೆಸರು ಎರಡಾದರೂ ಸೂಚಿಸುವ ಜೀವಿಗಳು ಅವೇ. ‘ಶೈವಲ’ ಎಂಬುದು ದ್ಯುತಿಸಂಶ್ಲೇಷಣೆ ನಡೆಸುವ ಬದುಕಿನ ರೀತಿಯನ್ನು ಹೇಳುತ್ತದೆಯೇ ಹೊರತು ವಂಶವನ್ನಲ್ಲ ಎಂದು ಇಟ್ಟುಕೊಂಡರೆ ನಿಮ್ಮ ಎರಡನೆಯ ಮತ್ತು ಮೂರನೆಯ ಪುಸ್ತಕಗಳ ನಡುವೆ ಜಗಳ ಉಳಿಯುವುದಿಲ್ಲ.

ಪ್ರಶ್ನೆ: ಅಮೀಬಾದ ವಂಶಕ್ಕೆ ಸೇರಿದ ಕೋಶದೊಳಗೆ ಹಸಿರು ಶೈವಲದ ವರ್ಣದ್ರವ್ಯ ಹೇಗೆ ಬಂತು? ಕ್ಲೋರೋಪ್ಲಾಸ್ಟಿಗೆ ನಾಲ್ಕು ಪೊರೆಗಳೇಕೆ? ಕೋಶರಚನೆಯನ್ನು ಸ್ವಲ್ಪ ವಿವರವಾಗಿ ತಿಳಿಸಿ.

ಉತ್ತರ: ಈ ಗುಂಪಿನ ಕುರಿತ ಅತ್ಯಂತ ಮುಖ್ಯವಾದ ಪ್ರಶ್ನೆಯನ್ನೇ ಕೇಳಿದ್ದೀರಿ, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಕೋಶದ ಹೊರಭಾಗದಿಂದ ಆರಂಭಿಸೋಣ. ಅಮೀಬಾ ಹಂತದಲ್ಲಿ ಕೋಶಕ್ಕೆ ಭಿತ್ತಿ ಇರುವುದಿಲ್ಲ. ಒಂದು ಕೋಶಕೇಂದ್ರ, ಕೊಳವೆಯಾಕಾರದ ಒಳಮಡಿಕೆಗಳುಳ್ಳ ಮೈಟೊಕಾಂಡ್ರಿಯಗಳು, ಗಾಲ್ಜಿ ಸಂಕೀರ್ಣ, ಕೆರಳಿದಾಗ ಹೊರಕ್ಕೆ ಸಿಡಿಯುವ ಸಣ್ಣ ಕೋಶಾಂಗಗಳು, ಆಹಾರ ಜೀರ್ಣಿಸುವ ರಸದಾನಿಗಳು ಇವೆಲ್ಲವೂ ಸರ್ಕೋಜೋವ ಗುಂಪಿನ ಇತರ ಜೀವಿಗಳಲ್ಲಿಯೂ ಸಿಗುವಂಥವೇ. ಇಷ್ಟನ್ನು ಮಾತ್ರ ನೋಡಿದವರು ಇದನ್ನು ಶೈವಲವೆಂದು ಕರೆಯುವ ಕಾರಣವೇ ಇಲ್ಲ. ಹಲವು ಪ್ರಭೇದಗಳಲ್ಲಿ ಇದರ ಜೊತೆಗೆ ಇನ್ನೆರಡು ಹಂತಗಳಿವೆ: ಭಿತ್ತಿಯನ್ನು ಕಟ್ಟಿಕೊಂಡು ಗುಂಡಗೆ ನಿಲ್ಲುವ ಹಂತ ಮತ್ತು ಕಶಾಂಗದಿಂದ ಈಜುವ ಹಂತ. ಈಜುವಾಗ ಆ ಒಂಟಿ ಕಶಾಂಗವು ಕೋಶದ ಮೈಗೆ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ.

ಇನ್ನು ಕ್ಲೋರೋಪ್ಲಾಸ್ಟ್. ಅದರಿಂದ ಕೋಶದ ನಡುಭಾಗದ ಕಡೆಗೆ ಪೈರಿನಾಯ್ಡ್ ಎಂಬ ಉಬ್ಬು ಚಾಚಿಕೊಂಡಿರುತ್ತದೆ. ಇಂಗಾಲದ ಡೈಆಕ್ಸೈಡನ್ನು ಸ್ಥಿರೀಕರಿಸುವ ಕಿಣ್ವ ದಟ್ಟವಾಗಿ ಸೇರುವ ಜಾಗವಿದು. ಪೈರಿನಾಯ್ಡಿನ ತುದಿಯನ್ನು ಟೊಪ್ಪಿಗೆಯಂಥ ಒಂದು ಚೀಲ ಮುಚ್ಚಿಕೊಂಡಿದ್ದು, ಅದರಲ್ಲಿ ಬೀಟಾ-1,3-ಗ್ಲೂಕಾನ್ ಎಂಬ ಶರ್ಕರ ಸಂಗ್ರಹವಾಗುತ್ತದೆ. ಈ ಚೀಲ ಇರುವುದು ನಾಲ್ಕೂ ಪೊರೆಗಳ ಹೊರಗೆ, ಅಂದರೆ ಅಮೀಬಾದ ಸ್ವಂತ ಕೋಶದ್ರವದಲ್ಲಿ. ಹಸಿರು ಶೈವಲಗಳು ತಮ್ಮ ಪಿಷ್ಟವನ್ನು ಕ್ಲೋರೋಪ್ಲಾಸ್ಟಿನ ಒಳಗೇ ಇಟ್ಟುಕೊಳ್ಳುತ್ತವೆ. ಇಲ್ಲಿಯಾದರೋ ಕ್ಲೋರೋಪ್ಲಾಸ್ಟ್ ತಯಾರಿಸಿದ ಸಕ್ಕರೆ ಹೊರಗೆ ಬಂದು, ಆತಿಥೇಯ ಕೋಶದ, ಅಂದರೆ ಅಮೀಬಾದ, ಉಗ್ರಾಣವನ್ನು ಸೇರುತ್ತದೆ. ಅಮೀಬಾ ಮತ್ತು ಕ್ಲೋರೋಪ್ಲಾಸ್ಟ್ ಇವರಿಬ್ಬರ ನಡುವಿನ ಸಂಬಂಧದಲ್ಲಿ ಯಜಮಾನಿಕೆ ಯಾರದ್ದೆಂಬುದನ್ನು ಈ ಒಂದು ಅಂಶವೇ ತೋರಿಸುತ್ತದೆ ಎಂದು ನನಗೆ ಅನ್ನಿಸುತ್ತದೆ.

ಈಗ ಪೊರೆಗಳು. ಪ್ರಾಚೀನ ಕಾಲದಲ್ಲಿ ಕೋಶವೊಂದು ಸೈನೊಬ್ಯಾಕ್ಟೀರಿಯವನ್ನು ಒಳಗೆ ಸೇರಿಸಿಕೊಂಡು ಉಳಿಸಿಕೊಂಡದ್ದರಿಂದ ಹಸಿರು ಶೈವಲಗಳ, ಕೆಂಪು ಶೈವಲಗಳ ಕ್ಲೋರೋಪ್ಲಾಸ್ಟ್ ಉಂಟಾಯಿತು. ಅದಕ್ಕೆ ಎರಡು ಪೊರೆಗಳು. ಇದು ಪ್ರಾಥಮಿಕ ಅಂತಃಸಹಜೀವನ. ಬಹಳ ಕಾಲದ ನಂತರ, ಸರ್ಕೋಜೋವ ಗುಂಪಿನ ಒಂದು ಬೇಟೆಗಾರ ಕೋಶವು ಒಂದು ಹಸಿರು ಶೈವಲವನ್ನು ಇಡಿಯಾಗಿ ನುಂಗಿತು, ಆದರೆ ಜೀರ್ಣಿಸಲಿಲ್ಲ. ಗಾಳಿ ಸ್ವಲ್ಪ ಕಡಿಮೆಯಿರುವ ಬಲೂನಿನೊಳಕ್ಕೆ ಬೆರಳನ್ನು ಒತ್ತಿದರೆ ಬಲೂನಿನ ಹಾಳೆಯೇ ಬೆರಳನ್ನು ಸುತ್ತಿಕೊಳ್ಳುವ ಹಾಗೆ, ನುಂಗುವ ಕೋಶದ ಪೊರೆಯೇ ಆ ಶೈವಲದ ಸುತ್ತ ಹೊದಿಕೆಯಾಯಿತು. ಆದ್ದರಿಂದ ಹೊರಗಿನಿಂದ ಎಣಿಸಿದರೆ ಮೊದಲ ಪೊರೆ ಆತಿಥೇಯ ಅಮೀಬಾದ್ದು, ಎರಡನೆಯದು ನುಂಗಿಸಿಕೊಂಡ ಶೈವಲದ ಕೋಶಪೊರೆ, ಮೂರು ಮತ್ತು ನಾಲ್ಕನೆಯವು ಆ ಶೈವಲದ ಕ್ಲೋರೋಪ್ಲಾಸ್ಟಿನ ಸ್ವಂತ ಪೊರೆಗಳು. ಇದನ್ನು ದ್ವಿತೀಯಕ ಅಂತಃಸಹಜೀವನ ಎನ್ನುತ್ತಾರೆ. ಈ ವಿವರಣೆಯಂತೆ ಎರಡನೆಯ ಮತ್ತು ಮೂರನೆಯ ಪೊರೆಗಳ ನಡುವಿನ ಕಿರಿದಾದ ಜಾಗವು ಶೈವಲದ ಹಳೆಯ ಕೋಶದ್ರವದ ಅವಶೇಷವಾಗಿರಬೇಕು. ಅಲ್ಲಿ ಆ ಶೈವಲದ ಕೋಶಕೇಂದ್ರದ ಕುರುಹೂ ಸಿಗಬೇಕು.

ಸಿಕ್ಕಿದೆ. ಆ ಜಾಗದಲ್ಲಿ ರೈಬೋಸೋಮ್‌ಗಳಿವೆ, ಮತ್ತು ಪೈರಿನಾಯ್ಡಿನ ಬಳಿ ಎರಡು ಪೊರೆಗಳ ಹೊದಿಕೆಯುಳ್ಳ ಒಂದು ಪುಟ್ಟ ಕಾಯವಿದೆ. ಅದರ ಹೊದಿಕೆಯಲ್ಲಿ ಕೋಶಕೇಂದ್ರದ ಹೊದಿಕೆಯಲ್ಲಿರುವಂಥ ರಂಧ್ರಗಳೇ ಇವೆ. ಇದಕ್ಕೆ ನ್ಯೂಕ್ಲಿಯೊಮಾರ್ಫ್ ಎಂದು ಹೆಸರು. 1980ರ ದಶಕದ ಕೊನೆಯ ವರ್ಷಗಳಲ್ಲಿ ಲುಡ್ವಿಗ್ ಮತ್ತು ಗಿಬ್ಸ್ ಅದರಲ್ಲಿ ಡಿಎನ್‌ಎ ಇರುವುದನ್ನು ತೋರಿಸಿದರು. 1994ರಲ್ಲಿ ಜೆಫ್ರಿ ಮ್ಯಾಕ್‌ಫ್ಯಾಡನ್ ಮತ್ತು ಸಂಗಡಿಗರು, ನ್ಯೂಕ್ಲಿಯೊಮಾರ್ಫಿನ ರೈಬೋಸೋಮ್ ಆರ್‌ಎನ್‌ಎ ವಂಶವಾಹಿಯೂ ಆತಿಥೇಯ ಕೋಶಕೇಂದ್ರದ ವಂಶವಾಹಿಯೂ ಬೇರೆ ಬೇರೆ ಎಂದು ಸಾಧಿಸಿದರು. ಒಂದೇ ಕೋಶದೊಳಗೆ ಎರಡು ಯೂಕ್ಯಾರಿಯೋಟ್ (ಕೋಶಕೇಂದ್ರವುಳ್ಳ) ಜೀವಿಗಳು ಸೇರಿಕೊಂಡಿವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ನುಂಗಿಸಿಕೊಂಡ ಶೈವಲ ಯಾವುದೆಂಬುದನ್ನೂ ಈಗ ಸಾಕಷ್ಟು ಹತ್ತಿರದಿಂದ ಹೇಳಬಹುದು: 2016ರಲ್ಲಿ ಪ್ರಕಟವಾದ ಕ್ಲೋರೋಪ್ಲಾಸ್ಟ್ ಜೀನೋಮ್‌ಗಳ (ಡಿಎನ್‌ಎಯ ಇಡೀ ಸಂಗ್ರಹಗಳ) ಹೋಲಿಕೆ, ಅದು ಬ್ರಯೋಪ್ಸಿಡೇಲಿಸ್ ಗಣದ ಹಸಿರು ಶೈವಲಗಳಿಗೆ ಸಂಬಂಧಿಸಿದ್ದೆಂದು ಸೂಚಿಸಿದೆ. ಆ ಗಣದ ಇಂದಿನ ಸದಸ್ಯರಲ್ಲಿ ಅಡ್ಡಗೋಡೆಗಳಿಲ್ಲದ ಉದ್ದನೆಯ ಕೊಳವೆಯಂಥ ದೇಹವುಳ್ಳ, ಬರಿಗಣ್ಣಿಗೆ ಕಾಣುವ ಕಡಲಪಾಚಿಗಳಿವೆ.

ಪ್ರಶ್ನೆ: ಬೇರೆ ಶೈವಲಗಳಲ್ಲಿ ನುಂಗಿದ ಜೀವಿಯ ಕೋಶಕೇಂದ್ರ ಅಳಿದುಹೋಗಿರುವಾಗ ಇಲ್ಲಿ ಮಾತ್ರ ಏಕೆ ಉಳಿದಿದೆ? ಅದು ಇಂದು ಏನು ಕೆಲಸ ಮಾಡುತ್ತದೆ?

ಉತ್ತರ: ಇಲ್ಲಿ ಮಾತ್ರವಲ್ಲ, ಕ್ರಿಪ್ಟೋಫೈಟ್ ಎಂಬ ಇನ್ನೊಂದು ಶೈವಲ ಗುಂಪಿನಲ್ಲಿಯೂ ನ್ಯೂಕ್ಲಿಯೊಮಾರ್ಫ್ ಉಳಿದಿದೆ. ಆದರೆ ಅವು ನುಂಗಿದ್ದು ಕೆಂಪು ಶೈವಲವನ್ನು, ಆದ್ದರಿಂದ ಇವೆರಡೂ ಪರಸ್ಪರ ಸಂಬಂಧವಿಲ್ಲದ ಎರಡು ಘಟನೆಗಳು. ಹೀಗಿದ್ದರೂ ಗಿಲ್ಲಾರ್ಡಿಯ ಥೀಟ ಎಂಬ ಕ್ರಿಪ್ಟೋಫೈಟಿನ ನ್ಯೂಕ್ಲಿಯೊಮಾರ್ಫಿನಲ್ಲಿ ಮೂರು ವರ್ಣತಂತುಗಳಿವೆ, ಬಿಗೆಲೋವಿಯೆಲ್ಲ ನೇಟನ್ಸ್ ಎಂಬ ಕ್ಲೋರರಾಕ್ನಿಯೋಫೈಟಿನದರಲ್ಲಿಯೂ ಮೂರೇ ಇವೆ. ಮೂಲದಲ್ಲಿ ಸಂಬಂಧವಿಲ್ಲದ ಎರಡು ಕೋಶಕೇಂದ್ರಗಳು ಕುಗ್ಗುತ್ತ ಕುಗ್ಗುತ್ತ ಒಂದೇ ಸಂಖ್ಯೆಗೆ ಬಂದು ನಿಂತಿರುವುದು ಈ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ಕಾಣುವ ಸಂಗತಿ.

2006ರಲ್ಲಿ ಬಿಗೆಲೋವಿಯೆಲ್ಲದ ನ್ಯೂಕ್ಲಿಯೊಮಾರ್ಫ್ ಜೀನೋಮ್ ಪೂರ್ಣವಾಗಿ ಪ್ರಕಟವಾಯಿತು. ಅದರ ಒಟ್ಟು ಉದ್ದ ಸುಮಾರು 3,73,000 ಪ್ರತ್ಯಾಮ್ಲ ಜೋಡಿಗಳು, ವಂಶವಾಹಿಗಳು 331. ಅನೇಕ ಬ್ಯಾಕ್ಟೀರಿಯಗಳ ಜೀನೋಮ್ ಇದರ ಹತ್ತು ಪಟ್ಟಿಗಿಂತ ದೊಡ್ಡದು. ಕುಗ್ಗುವಿಕೆ ಎಷ್ಟರಮಟ್ಟಿಗೆ ನಡೆದಿದೆಯೆಂದರೆ, ವಂಶವಾಹಿಗಳ ಒಳಗೆ ಬರುವ, ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯಲಾಗುವ ತುಣುಕುಗಳಾದ 852 ಇಂಟ್ರಾನ್‌ಗಳಲ್ಲಿ ಪ್ರತಿಯೊಂದೂ ಕೇವಲ 18ರಿಂದ 21 ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದವಿದೆ. ಈ 331ರಲ್ಲಿ ಕ್ಲೋರೋಪ್ಲಾಸ್ಟಿಗೆ ಬೇಕಾದ ಪ್ರೋಟೀನುಗಳ ವಂಶವಾಹಿಗಳು 17 ಮಾತ್ರ. ಉಳಿದವುಗಳಲ್ಲಿ ಬಹುಪಾಲು ನ್ಯೂಕ್ಲಿಯೊಮಾರ್ಫ್ ತನ್ನ ಡಿಎನ್‌ಎಯನ್ನು ಓದಿಕೊಳ್ಳುವುದಕ್ಕೆ, ಆರ್‌ಎನ್‌ಎ ಸಂಸ್ಕರಿಸುವುದಕ್ಕೆ, ಪ್ರೋಟೀನು ತಯಾರಿಸುವುದಕ್ಕೆ ಬೇಕಾದವು. ಅಂದರೆ ಹದಿನೇಳು ಪ್ರೋಟೀನುಗಳ ಸಲುವಾಗಿ ಒಂದು ಇಡೀ ಕೋಶಕೇಂದ್ರದ ವ್ಯವಸ್ಥೆ ನಡೆಯುತ್ತಿದೆ. ಆ ವ್ಯವಸ್ಥೆಯೂ ಸ್ವತಂತ್ರವಾಗಿಲ್ಲ. ಅದಕ್ಕೆ ಬೇಕಾದ ಅನೇಕ ಪ್ರೋಟೀನುಗಳು ಆತಿಥೇಯ ಕೋಶಕೇಂದ್ರದ ವಂಶವಾಹಿಗಳಿಂದ ತಯಾರಾಗಿ, ಪೊರೆಗಳನ್ನು ದಾಟಿ ಒಳಗೆ ಬರಬೇಕು. ಕ್ಲೋರೋಪ್ಲಾಸ್ಟಿಗೆ ಹೋಗಬೇಕಾದ ಪ್ರೋಟೀನಿನ ಆರಂಭದಲ್ಲಿ ಎರಡು ಭಾಗಗಳ ವಿಳಾಸಪಟ್ಟಿ ಇರುತ್ತದೆ. ಮೊದಲ ಭಾಗವು ಅದನ್ನು ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ ಸೇರಿಸಿ ಹೊರಪೊರೆಯ ದಾರಿ ತೋರಿಸಿದರೆ, ಎರಡನೆಯ ಭಾಗವು ಒಳಗಿನ ಪೊರೆಗಳನ್ನು ದಾಟಿಸುತ್ತದೆ.

ಹಾಗಾದರೆ ಆ ಹದಿನೇಳೂ ಆತಿಥೇಯ ಕೋಶಕೇಂದ್ರಕ್ಕೆ ವರ್ಗವಾಗಿ, ನ್ಯೂಕ್ಲಿಯೊಮಾರ್ಫ್ ಏಕೆ ಕರಗಿಹೋಗಲಿಲ್ಲ? 2012ರಲ್ಲಿ ಬಿಗೆಲೋವಿಯೆಲ್ಲ ಮತ್ತು ಗಿಲ್ಲಾರ್ಡಿಯಗಳ ಮುಖ್ಯ ಕೋಶಕೇಂದ್ರದ ಜೀನೋಮ್‌ಗಳು ಒಟ್ಟಿಗೆ ಪ್ರಕಟವಾದಾಗ ಇದಕ್ಕೆ ಒಂದು ಉತ್ತರ ದೊರೆಯಿತು. ಎರಡರಲ್ಲಿಯೂ ಮೈಟೊಕಾಂಡ್ರಿಯದ ಡಿಎನ್‌ಎ ತುಣುಕುಗಳು ಈಚಿನ ಕಾಲದಲ್ಲಿಯೂ ಕೋಶಕೇಂದ್ರಕ್ಕೆ ಬಂದು ಸೇರಿವೆ, ಆದರೆ ಕ್ಲೋರೋಪ್ಲಾಸ್ಟಿನಿಂದಾಗಲಿ ನ್ಯೂಕ್ಲಿಯೊಮಾರ್ಫಿನಿಂದಾಗಲಿ ಹಾಗೆ ಬಂದ ತುಣುಕುಗಳಿಲ್ಲ. ಒಂದು ಕೋಶಾಂಗದ ಡಿಎನ್‌ಎ ಕೋಶಕೇಂದ್ರವನ್ನು ಸೇರಬೇಕಾದರೆ ಸಾಮಾನ್ಯವಾಗಿ ಆ ಕೋಶಾಂಗ ಒಡೆದು ಅದರ ಒಳಗಿನದು ಹೊರಬರಬೇಕು. ಕೋಶದಲ್ಲಿ ಹಲವು ಮೈಟೊಕಾಂಡ್ರಿಯಗಳಿದ್ದರೆ ಒಂದು ಒಡೆದರೂ ನಷ್ಟವಿಲ್ಲ. ಕ್ಲೋರೋಪ್ಲಾಸ್ಟ್ ಒಂದೇ ಇದ್ದು, ಅದರೊಡನೆ ನ್ಯೂಕ್ಲಿಯೊಮಾರ್ಫ್ ಸಹ ಒಂದೇ ಇದ್ದರೆ, ಅದು ಒಡೆದ ಕೋಶಕ್ಕೆ ಸಂತತಿಯೇ ಇರುವುದಿಲ್ಲ. ವಂಶವಾಹಿ ವರ್ಗಾವಣೆಯ ದಾರಿ ಹೀಗೆ ಮುಚ್ಚಿಹೋದದ್ದರಿಂದಲೇ ನ್ಯೂಕ್ಲಿಯೊಮಾರ್ಫ್ ಉಳಿದಿದೆಯೆಂಬುದು ಆ ಸಂಶೋಧಕರ ವಿವರಣೆ. ಲಭ್ಯವಿರುವ ಸಾಕ್ಷ್ಯಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ಪ್ರಶ್ನೆ: ಈ ಗುಂಪಿನೊಳಗೆ ಕುಲಗಳನ್ನು ಯಾವ ಲಕ್ಷಣಗಳಿಂದ ಬೇರ್ಪಡಿಸುತ್ತಾರೆ? ಬಣ್ಣವೂ ಗಾತ್ರವೂ ಒಂದೇ ರೀತಿ ಇರುವಾಗ ಇದು ಸಾಧ್ಯವೇ?

ಉತ್ತರ: ವಿವರಿಸಲಾದ ಪ್ರಭೇದಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟದ ಸಣ್ಣ ಗುಂಪಿದು, ಎಲ್ಲವೂ ಸಮುದ್ರವಾಸಿಗಳು. ಮುಖ್ಯವಾಗಿ ಎರಡು ಬಗೆಯ ಲಕ್ಷಣಗಳನ್ನು ನೋಡುತ್ತಾರೆ. ಒಂದು, ಜೀವನಚಕ್ರದಲ್ಲಿ ಹೆಚ್ಚು ಕಾಲ ಕಾಣುವ ರೂಪ ಯಾವುದೆಂಬುದು. ಕ್ಲೋರರಾಕ್ನಿಯನ್‌ನಲ್ಲಿ ಅದು ಜಾಲ ಕಟ್ಟುವ ಅಮೀಬಾ, ಗಿಮ್ನೊಕ್ಲೋರದಲ್ಲಿ ನಕ್ಷತ್ರದಂತೆ ಎಳೆಗಳನ್ನು ಚಾಚುವ ಅಮೀಬಾ, ಲೋಥರೆಲ್ಲ ಗ್ಲೋಬೋಸದಲ್ಲಿ ಭಿತ್ತಿಯುಳ್ಳ ಗುಂಡನೆಯ ಕೋಶ, ಬಿಗೆಲೋವಿಯೆಲ್ಲದಲ್ಲಿ ಈಜುವ ಕೋಶ. ಕ್ರಿಪ್ಟೊಕ್ಲೋರ ಪರ್ಫೊರಾನ್ಸ್ ಸತ್ತ ಕಡಲಪಾಚಿಯ ಎಳೆಗಳ ಗೋಡೆಯನ್ನು ಕೊರೆದು ಒಳಸೇರುತ್ತದೆ. ಇನ್ನೊಂದು ಲಕ್ಷಣ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಪೈರಿನಾಯ್ಡಿನ ರಚನೆ. ಕ್ಲೋರರಾಕ್ನಿಯನ್‌ನಲ್ಲಿ ಪೈರಿನಾಯ್ಡಿನೊಳಕ್ಕೆ ಆಳವಾದ ಸೀಳು ಇದ್ದು, ನ್ಯೂಕ್ಲಿಯೊಮಾರ್ಫ್ ಅದರಲ್ಲಿ ಕುಳಿತಿರುತ್ತದೆ. ಲೋಥರೆಲ್ಲದಲ್ಲಿ ಸೀಳು ಅಷ್ಟು ಆಳವಿಲ್ಲ. ಗಿಮ್ನೊಕ್ಲೋರದಲ್ಲಿ ಪೊರೆಯ ಸಣ್ಣ ಕೊಳವೆಗಳು ಪೈರಿನಾಯ್ಡಿನೊಳಕ್ಕೆ ಹೊಕ್ಕಿರುತ್ತವೆ. 2009ರಲ್ಲಿ ವಿವರಿಸಲಾದ ಪಾರ್ಟೆನ್ಸ್ಕಿಯೆಲ್ಲದಲ್ಲಿ ಪೈರಿನಾಯ್ಡೇ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಇವೆರಡರಲ್ಲಿ ಹೆಚ್ಚು ನಂಬಬಹುದಾದದ್ದು ಎರಡನೆಯದು. ಅಮೀಬಾ ರೂಪ, ಗುಂಡು ರೂಪ, ಈಜುವ ರೂಪ ಇವು ಒಂದೇ ಪ್ರಭೇದದ ಬದುಕಿನಲ್ಲಿ ಬಂದು ಹೋಗುವ ಹಂತಗಳಾಗಿರುವಾಗ, ಅವುಗಳಲ್ಲಿ ಯಾವುದು ಮೇಲುಗೈ ಪಡೆಯುತ್ತದೆ ಎಂಬುದು ವಿಕಾಸದಲ್ಲಿ ಸುಲಭವಾಗಿ ಬದಲಾಗಬಲ್ಲ ಸಂಗತಿ. ಲೋಥರೆಲ್ಲ ಕುಲಕ್ಕೆ ಸೇರಿಸಲಾಗಿದ್ದ ಅಮೀಬಾ ರೂಪದ ಒಂದು ಪ್ರಭೇದವನ್ನು 2011ರಲ್ಲಿ ಅಮಾರ್ಫೊಕ್ಲೋರ ಎಂಬ ಬೇರೆ ಕುಲಕ್ಕೆ ವರ್ಗಾಯಿಸಬೇಕಾಗಿ ಬಂತು. ಹೊಸ ಪ್ರಭೇದವನ್ನು ವಿವರಿಸುವವರು ಈಗ ರಚನೆಯ ಜೊತೆಗೆ ರೈಬೋಸೋಮ್ ಆರ್‌ಎನ್‌ಎ ವಂಶವಾಹಿಯ ಅನುಕ್ರಮವನ್ನೂ ಕೊಡುತ್ತಾರೆ.

ಪ್ರಶ್ನೆ: ಯೂಗ್ಲಿನಾದಲ್ಲಿಯೂ ಪತ್ರಹರಿತ್ತು ಎ ಮತ್ತು ಬಿ ಇವೆ. ಅದೂ ಇವುಗಳ ಬಂಧುವೇ?

ಉತ್ತರ: ಅಲ್ಲ. ಯೂಗ್ಲಿನಾ ಮತ್ತು ಕ್ಲೋರರಾಕ್ನಿಯೋಫೈಟ್‌ಗಳ ಸಮಾನ ಪೂರ್ವಜವೇ ಹಸಿರು ಶೈವಲವನ್ನು ಒಮ್ಮೆ ನುಂಗಿರಬೇಕೆಂಬ ವಾದ ಒಂದು ಕಾಲದಲ್ಲಿ ಇತ್ತು. 2007ರಲ್ಲಿ ಬಿಗೆಲೋವಿಯೆಲ್ಲದ ಕ್ಲೋರೋಪ್ಲಾಸ್ಟ್ ಜೀನೋಮ್ ಪ್ರಕಟವಾದಾಗ ಆ ವಾದ ಬಿದ್ದುಹೋಯಿತು. ಯೂಗ್ಲಿನಾದ ಕ್ಲೋರೋಪ್ಲಾಸ್ಟ್ ಬಂದಿರುವುದು ಪಿರಮಿಮೊನಾಸ್ ಎಂಬ ಈಜುವ ಹಸಿರು ಶೈವಲದ ಬಳಗದಿಂದ. ಅದರ ಸುತ್ತ ಇರುವುದು ಮೂರು ಪೊರೆಗಳು, ನ್ಯೂಕ್ಲಿಯೊಮಾರ್ಫ್ ಇಲ್ಲ. ಇಬ್ಬರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಶೈವಲಗಳನ್ನು ಸ್ವತಂತ್ರವಾಗಿ ಒಳಗೆ ಸೇರಿಸಿಕೊಂಡವರು.

ದ್ಯುತಿಸಂಶ್ಲೇಷಣೆ ನಡೆಸುವ ನಿಜವಾದ ಬಂಧು ಬೇಕೆಂದರೆ ಸರ್ಕೋಜೋವ ಗುಂಪಿನಲ್ಲಿಯೇ ಇರುವ ಪಾಲಿನೆಲ್ಲ ಕ್ರೊಮ್ಯಾಟೊಫೋರವನ್ನು ನೋಡಬೇಕು. ರಾಬರ್ಟ್ ಲೌಟರ್‌ಬಾರ್ನ್ 1895ರಲ್ಲಿ ವಿವರಿಸಿದ, ಸಿಲಿಕದ ಹುರುಪೆಗಳ ಕವಚವುಳ್ಳ ಈ ಸಿಹಿನೀರಿನ ಅಮೀಬಾದೊಳಗೆ ನೀಲಿ-ಹಸಿರು ಬಣ್ಣದ ಎರಡು ಕಾಯಗಳಿರುತ್ತವೆ. ಅವು ಯಾವುದೋ ಶೈವಲದ ಮೂಲಕ ಬಂದವಲ್ಲ. ಪಾಲಿನೆಲ್ಲದ ಪೂರ್ವಜವು ಸೈನೊಬ್ಯಾಕ್ಟೀರಿಯವನ್ನು ನೇರವಾಗಿ ಒಳಗೆ ಸೇರಿಸಿಕೊಂಡಿತು. ಅವುಗಳ ಜೀನೋಮ್ ಇನ್ನೂ ಸುಮಾರು ಹತ್ತು ಲಕ್ಷ ಪ್ರತ್ಯಾಮ್ಲ ಜೋಡಿಗಳಷ್ಟಿದೆ, ಆದರೆ ಬಿಗೆಲೋವಿಯೆಲ್ಲದ ಕ್ಲೋರೋಪ್ಲಾಸ್ಟ್ ಜೀನೋಮ್ ಸುಮಾರು 69,000 ಜೋಡಿಗಳಿಗೆ ಇಳಿದಿದೆ. ಬಿಗೆಲೋವಿಯೆಲ್ಲದ ಕ್ಲೋರೋಪ್ಲಾಸ್ಟಿನ ಹಿಂದೆ ಪ್ರಾಥಮಿಕ ಹಾಗೂ ದ್ವಿತೀಯಕ ಅಂತಃಸಹಜೀವನಗಳೆರಡರ ದೀರ್ಘ ಚರಿತ್ರೆಯಿದ್ದರೆ, ಪಾಲಿನೆಲ್ಲದಲ್ಲಿ ನಡೆದ ಘಟನೆ ಅದಕ್ಕೆ ಹೋಲಿಸಿದರೆ ಬಹಳ ಈಚಿನದು. ಅದರ ಕಾಯಗಳ ಜೀನೋಮ್ ಇನ್ನೂ ಕುಗ್ಗುತ್ತಿರುವ ಹಂತದಲ್ಲಿದೆ.